ಮೆಜೋಂ ಫೋರ್ತ್: ಮಧ್ಯಯುಗದ ಫ್ರಾನ್ಸಿನ ಕೋಟೆಮನೆ

ಮಧ್ಯಯುಗದ ಫ್ರಾನ್ಸಿನಲ್ಲಿ ಸಣ್ಣ ಜಮೀನ್ದಾರರು, ಕುದುರೆ ಸವಾರ ವೀರರು, ಮಠಾಧಿಪತಿಗಳು, ಮುಂದೆ ಹಣವಂತ ವರ್ತಕರು ಕಂದಕ, ಎತ್ತುಸೇತುವೆ, ಬುರುಜುಗಳ ನಡುವೆ ಕಟ್ಟಿಕೊಂಡ ವಾಸದ ಮನೆಯನ್ನು ಮೆಜೋಂ ಫೋರ್ತ್ ಎನ್ನುತ್ತಾರೆ. ಲ್ಯಾಟಿನ್ ದಾಖಲೆಗಳಲ್ಲಿ ಇದು ದೋಮುಸ್ ಫೋರ್ತಿಸ್. ಈ ಹೆಸರು ವ್ಯಾಪಕವಾಗಿ ಬಳಕೆಗೆ ಬಂದದ್ದು 13ನೇ ಶತಮಾನದಲ್ಲಿ. ರಾಜರ, ದೊಡ್ಡ ಸಾಮಂತರ ದುರ್ಗಗಳಿಗೂ ಊರಿನ ಸಾಧಾರಣ ಮನೆಗಳಿಗೂ ನಡುವೆ ನಿಲ್ಲುವ ಈ ಕಟ್ಟಡಗಳನ್ನು ಚರಿತ್ರಕಾರರು ಬಹುಕಾಲ ದುರ್ಗದ ಬಡ ನಕಲೆಂದೇ ಬಗೆದು ಬದಿಗಿಟ್ಟಿದ್ದರು. ಆ ಎಣಿಕೆ ತಪ್ಪು. ಇವು ಮೊದಲು ಮನೆ, ಆಮೇಲೆ ಕೋಟೆ. ಹಾಗೆ ನೋಡಿದಾಗಲೇ ಇವುಗಳ ಗೋಡೆ, ನೀರು, ಬಾಗಿಲು ಎಲ್ಲಕ್ಕೂ ಅರ್ಥ ಹುಟ್ಟುತ್ತದೆ.

ಅಳತೆಯ ಅಂತರವನ್ನು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಉತ್ತರ ಫ್ರಾನ್ಸಿನ ಕೂಸಿಯಲ್ಲಿ ಸಾಮಂತ ಮೂರನೆಯ ಆಂಗೆರಾನ್ 13ನೇ ಶತಮಾನದ ಮೊದಲರ್ಧದಲ್ಲಿ ಕಟ್ಟಿಸಿದ ಮಹಾಗೋಪುರ ಸುಮಾರು 54 ಮೀಟರ್ ಎತ್ತರ, 31 ಮೀಟರ್ ಅಡ್ಡಗಲವಿತ್ತು. ಅದರ ಗೋಡೆಯ ದಪ್ಪವೇ 7 ಮೀಟರ್. 1917ರಲ್ಲಿ ಜರ್ಮನ್ ಸೇನೆ ಸಿಡಿಮದ್ದಿಟ್ಟು ಅದನ್ನು ಕೆಡವಿತು. ಅದೇ ಕಾಲದ ಕೋಟೆಮನೆಯ ಗೋಡೆ ಸಾಮಾನ್ಯವಾಗಿ ಒಂದು ಮೀಟರ್, ಹೆಚ್ಚೆಂದರೆ ಅದಕ್ಕಿಂತ ತುಸು ದಪ್ಪ. ಒಳಗೆ ಕಾವಲು ಪಡೆಯೆಂದು ಏನೂ ಇರುತ್ತಿರಲಿಲ್ಲ. ಒಬ್ಬ ದ್ವಾರಪಾಲಕ, ಮನೆಯಾಳುಗಳು, ಯಜಮಾನನ ಮಕ್ಕಳು ಮರಿ, ಇಷ್ಟೇ ಜನ. ಮುತ್ತಿಗೆ ಯಂತ್ರಗಳನ್ನು ಎಳೆದು ತರುವ ಸೈನ್ಯದೆದುರು ಅದು ಹೆಚ್ಚು ದಿನ ನಿಲ್ಲುವಂಥದ್ದಲ್ಲ. ರಾತ್ರಿ ಬರುವ ದರೋಡೆಕೋರರು, ನೆರೆಯ ಜಮೀನ್ದಾರನ ಹಗೆ, ಸಂಬಳವಿಲ್ಲದೆ ಊರೂರು ಸುಲಿಯುವ ಸೈನಿಕರ ಗುಂಪು, ಇವರನ್ನು ತಡೆಯಲು ಮಾತ್ರ ಅದು ಸಾಕಾಗಿತ್ತು.

ಅನುಮತಿಯ ಕಟ್ಟಡ

ಕೋಟೆ ಕಟ್ಟುವುದು ಆ ಕಾಲದಲ್ಲಿ ಯಾರಿಗೂ ಸಹಜವಾಗಿ ಸಿಕ್ಕ ಹಕ್ಕಲ್ಲ. ನಾರ್ಮಂಡಿಯ ಡ್ಯೂಕರ ಹಕ್ಕುಗಳನ್ನು ಪಟ್ಟಿ ಮಾಡಿದ 1091ರ ದಾಖಲೆಯೊಂದು ಈ ವಿಷಯದಲ್ಲಿ ಬಹಳ ಸ್ಪಷ್ಟವಾಗಿದೆ. ಬಯಲಿನಲ್ಲಿ ಕಂದಕ ತೋಡುವವನು ಎಷ್ಟು ಆಳ ತೋಡಬಹುದು? ತಳದಲ್ಲಿ ನಿಂತವನು ಸಲಿಕೆಯಿಂದ ಎಸೆದ ಮಣ್ಣು, ನಡುವೆ ಮೆಟ್ಟಿಲೂ ಮತ್ತೊಬ್ಬ ಆಳೂ ಇಲ್ಲದೆ, ನೇರವಾಗಿ ದಂಡೆಗೆ ಬೀಳುವಷ್ಟು ಮಾತ್ರ. ಮರದ ಬೇಲಿ ಒಂದೇ ಸಾಲು ಇರಬೇಕು; ಅದಕ್ಕೆ ಕಾವಲು ಓಡಾಡುವ ಅಟ್ಟವಾಗಲಿ ಹೊರಚಾಚಿದ ರಕ್ಷಣಾ ಕಟ್ಟಣೆಯಾಗಲಿ ಕೂಡದು. ಬಂಡೆಯ ಮೇಲೆ, ದ್ವೀಪದ ಮೇಲೆ ಬಲವಾದ ನೆಲೆ ಮಾಡಿಕೊಳ್ಳುವಂತಿಲ್ಲ. ಅಳತೆಗೋಲು, ಸಂಖ್ಯೆ ಯಾವುದೂ ಇಲ್ಲದೆ ಒಬ್ಬ ಕೂಲಿಯಾಳಿನ ತೋಳಿನ ಬಲದಿಂದಲೇ ಕಾನೂನನ್ನು ಅಳೆದ ಈ ಜಾಣ್ಮೆ ಮೆಚ್ಚತಕ್ಕದ್ದು. ಯಾವ ಹಳ್ಳಿಯಲ್ಲಾದರೂ ಯಾರಾದರೂ ಪರೀಕ್ಷಿಸಬಹುದಾಗಿದ್ದ ನಿಯಮವಿದು.

12ನೇ ಶತಮಾನ ಮುಗಿಯುತ್ತ ಬಂದಂತೆ ಸಣ್ಣ ಕುಲೀನರ ಕೈಯಲ್ಲಿ ಸ್ವಲ್ಪ ಹಣ ಸೇರಿತು. ಕಾಡು ಕಡಿದು ಹೊಲ ಮಾಡಿದ್ದರಿಂದ ಹುಟ್ಟುವಳಿ ಏರಿತ್ತು. ದೊಡ್ಡ ಸಾಮಂತನ ದುರ್ಗದಲ್ಲಿ ಊಳಿಗದಲ್ಲಿದ್ದ ಸವಾರರು ತಮ್ಮ ತಮ್ಮ ಹೊಲಗಳ ನಡುವೆ ಮನೆ ಕಟ್ಟಿಕೊಂಡು ಬೇರೆಯಾದರು. ಒಡೆಯರು ಇದನ್ನು ತಡೆಯಲಿಲ್ಲ, ಆದರೆ ಕಟ್ಟು ಹಾಕಿದರು. ಮನೆ ಕಟ್ಟುವವನು ಒಡೆಯನಿಗೆ ಪ್ರಮಾಣ ಮಾಡಬೇಕು. ಒಡೆಯ ಕೇಳಿದ ಗಳಿಗೆ, ಅವನು ಸಿಟ್ಟಿನಲ್ಲಿರಲಿ ಸಮಾಧಾನದಲ್ಲಿರಲಿ, ಮನೆಯನ್ನು ಅವನ ವಶಕ್ಕೆ ಬಿಡಬೇಕು. ಎಷ್ಟೋ ಕರಾರುಗಳಲ್ಲಿ ಗೋಡೆಯ ಎತ್ತರ, ಬುರುಜಿನ ಪ್ರಶ್ನೆ, ಕಂದಕದ ಅಗಲ ಮೊದಲೇ ಗೊತ್ತುಪಡಿಸಿರುತ್ತಿದ್ದರು. ಬರ್ಗಂಡಿ, ಶಾಂಪೇನ್, ಲೊರೇನ್, ಸವಾಯ್, ಗ್ಯಾಸ್ಕನಿ ಸೀಮೆಗಳಲ್ಲಿ ಇಂಥ ಮನೆಗಳು ಹೆಚ್ಚು. ಕೋಟೆಯ ತೆನೆಗಳು ಹಗೆಗೆ ಹೇಳಿದ್ದಕ್ಕಿಂತ ಹೆಚ್ಚನ್ನು ನೆರೆಯವರಿಗೆ ಹೇಳುತ್ತಿದ್ದವು: ಈ ಮನೆಯವನು ಕುಲೀನ, ಅವನಿಗೆ ಒಡೆಯನ ಅನುಮತಿ ಇದೆ.

ನೀರು, ಬಾಗಿಲು, ಪಡಸಾಲೆ

ಕೋಟೆಮನೆಗಳಲ್ಲಿ ಬಹುಪಾಲು ಬೆಟ್ಟದ ಮೇಲಿಲ್ಲ. ತಗ್ಗಿನಲ್ಲಿ, ಹಳ್ಳದ ಪಕ್ಕದಲ್ಲಿ, ಜೇಡಿಮಣ್ಣಿನ ನೆಲದಲ್ಲಿವೆ. ಚೌಕ ಅಥವಾ ದುಂಡನೆಯ ಜಾಗದ ಸುತ್ತ ಅಗೆದು, ಆ ಮಣ್ಣನ್ನೇ ನಡುವೆ ಹರಡಿ ನೆಲವನ್ನು ಎತ್ತರಿಸಿ, ಹಳ್ಳದ ನೀರನ್ನು ಕಂದಕಕ್ಕೆ ತಿರುಗಿಸುತ್ತಿದ್ದರು. ಈ ನೀರು ಮಾಡಿದ ಕೆಲಸಗಳು ಹಲವು. ಒಳಗಿನ ನೆಲದ ತೇವವನ್ನು ಅದು ಬಸಿದುಕೊಳ್ಳುತ್ತಿತ್ತು. ಬೆಂಕಿ ಬಿದ್ದರೆ ಕೈಗೆ ಸಿಗುತ್ತಿತ್ತು. ಮಾಂಸ ವರ್ಜ್ಯವಾದ ಕ್ರೈಸ್ತ ಉಪವಾಸದ ದಿನಗಳಿಗೆ ಮೀನು ಸಾಕುವ ಕೊಳವಾಗುತ್ತಿತ್ತು. ಶೌಚದ ಗೂಡುಗಳನ್ನು ಗೋಡೆಯಿಂದ ಹೊರಚಾಚಿ ಅದರ ಮೇಲೆಯೇ ಕಟ್ಟುತ್ತಿದ್ದರೆಂಬುದನ್ನೂ ಹೇಳಬೇಕು. ಇಂದು ಬ್ರೆಸ್, ಶಾಂಪೇನ್, ಲೊರೇನ್ ಪ್ರದೇಶಗಳಲ್ಲಿ ಮನೆ ಪೂರ್ತಿ ಅಳಿದು, ಹೊಲದ ನಡುವೆ ಚೌಕಾಕಾರದ ತಗ್ಗು ಮಾತ್ರ ಉಳಿದಿರುವ ಜಾಗಗಳು ಬಹಳ. ವಿಮಾನದಿಂದ ತೆಗೆದ ಚಿತ್ರಗಳಲ್ಲಿ ಅವು ಎದ್ದು ಕಾಣುತ್ತವೆ.

ಹೆಬ್ಬಾಗಿಲನ್ನು ಹತ್ತಿರದಿಂದ ನೋಡಿದರೆ ಕಟ್ಟಡದ ಅರ್ಧ ಕಥೆ ತಿಳಿಯುತ್ತದೆ. ಕಮಾನಿನ ಮೇಲೆ ಎರಡು ಉದ್ದನೆಯ ಲಂಬ ಸೀಳುಗಳು ಕಂಡರೆ ಅಲ್ಲಿ ಹಿಂದೆ ಎತ್ತುಸೇತುವೆ ಇತ್ತೆಂದು ತಿಳಿಯಬೇಕು. ಬಾಗಿಲಿನ ಮೇಲ್ಭಾಗದಲ್ಲಿ ಎರಡು ಮರದ ತೊಲೆಗಳನ್ನು ಅಚ್ಚಿನ ಮೇಲೆ ಕೂರಿಸಿರುತ್ತಿದ್ದರು. ಹೊರಗೆ ಚಾಚಿದ ತುದಿಗಳಿಂದ ಇಳಿಬಿಟ್ಟ ಸರಪಳಿ ಸೇತುವೆಯ ಹಲಗೆಯನ್ನು ಹಿಡಿದಿರುತ್ತಿತ್ತು. ಒಳತುದಿಗಳನ್ನು ಕೆಳಗೆ ಜಗ್ಗಿದರೆ ಹೊರತುದಿ ಮೇಲೇಳುತ್ತದೆ, ಹಲಗೆ ಎದ್ದು ಬಾಗಿಲಿಗೆ ಕದವಾಗಿ ಮುಚ್ಚಿಕೊಳ್ಳುತ್ತದೆ, ತೊಲೆಗಳು ಆ ಸೀಳುಗಳಲ್ಲಿ ಹುದುಗುತ್ತವೆ. ಗಾಡಿ ಹೋಗುವ ದೊಡ್ಡ ಬಾಗಿಲಿನ ಪಕ್ಕದಲ್ಲಿ ಒಂದೇ ತೊಲೆಯ ಸಣ್ಣ ಸೇತುವೆಯುಳ್ಳ ದಿಡ್ಡಿಬಾಗಿಲು ಬೇರೆ ಇರುತ್ತಿತ್ತು. ದಿನದ ಓಡಾಟವೆಲ್ಲ ಅದರಲ್ಲೇ. ಸೇತುವೆ ಕೊಳೆತು ಹೋಗಿ ಶತಮಾನಗಳಾದರೂ ಕಲ್ಲಿನ ಸೀಳು ಉಳಿಯುತ್ತದೆ. ಬಾಗಿಲಿನ ನೆತ್ತಿಯ ಮೇಲೆ ಗೋಡೆಯಿಂದ ಮುಂಚಾಚಿದ ಸಣ್ಣ ಕಲ್ಲಿನ ಗೂಡಿಗೆ ತಳವಿರುವುದಿಲ್ಲ. ಕೆಳಗೆ ನಿಂತ ಶತ್ರುವಿನ ಮೇಲೆ ಅಲ್ಲಿಂದ ಕಲ್ಲು ಉರುಳಿಸುತ್ತಿದ್ದರು. ಗೋಡೆಯ ಕಿರಿದಾದ ಬಾಣಗಿಂಡಿಗಳು 15ನೇ ಶತಮಾನದಲ್ಲಿ ಕೆಳತುದಿಯಲ್ಲಿ ದುಂಡಗಾದವು. ಕೈಬಂದೂಕು, ಸಣ್ಣ ಫಿರಂಗಿಗಳು ಬಂದದ್ದರ ಗುರುತು ಅದು.

ಒಳಗಿನ ಜೀವನದ ಕೇಂದ್ರ ಪಡಸಾಲೆ. ನೆಲಮಟ್ಟದ ಕಮಾನು ಚಾವಣಿಯ ಕೋಣೆಗಳಲ್ಲಿ ಧಾನ್ಯ, ದ್ರಾಕ್ಷಾರಸದ ಪೀಪಾಯಿ, ಉಪ್ಪು ಹಾಕಿದ ಮಾಂಸ ತುಂಬಿರುತ್ತಿದ್ದವು. ಪಡಸಾಲೆ ಅದರ ಮೇಲಿನ ಅಂತಸ್ತಿನಲ್ಲಿ. ಯಜಮಾನ ಗೇಣಿ ಪಡೆಯುತ್ತಿದ್ದುದು, ವ್ಯಾಜ್ಯ ಕೇಳುತ್ತಿದ್ದುದು, ನೆಂಟರಿಗೆ ಊಟ ಹಾಕುತ್ತಿದ್ದುದು ಎಲ್ಲ ಇಲ್ಲೇ. ಒಂದು ತುದಿಯಲ್ಲಿ ದೊಡ್ಡ ಅಗ್ಗಿಷ್ಟಿಕೆ. ಆಚೆಗೆ ಯಜಮಾನನ ಮಲಗುವ ಕೋಣೆ, ಅದಕ್ಕೆ ಹೊಂದಿದಂತೆ ಬಟ್ಟೆಬರೆಯ ಕೋಣೆ. ಕಿಟಕಿಯಿದ್ದ ಕಡೆ ಗೋಡೆಯ ದಪ್ಪದಲ್ಲೇ ಎದುರುಬದುರಾಗಿ ಎರಡು ಕಲ್ಲಿನ ಆಸನ ಕೊರೆದಿರುತ್ತಿದ್ದರು. ಗಾಜು ದುಬಾರಿಯಾದ್ದರಿಂದ ಮರದ ಕದ ಅಥವಾ ಎಣ್ಣೆ ಸವರಿದ ಬಟ್ಟೆಯೇ ಗತಿ. ಕದ ತೆರೆದಾಗ ಹೊಲಿಗೆಗೆ, ಓದಿಗೆ ಬೆಳಕು ಸಿಗುತ್ತಿದ್ದ ಜಾಗ ಅದೊಂದೇ. ಈ ಜೋಡಿ ಆಸನಗಳ ಮುಂದೆ ನಿಂತಾಗ ಬಾಣಗಿಂಡಿಗಿಂತ ಹೆಚ್ಚಾಗಿ ಆ ಮನೆಯವರು ನೆನಪಾಗುತ್ತಾರೆ. ಅಡುಗೆಮನೆಯನ್ನು ಬೆಂಕಿಯ ಭಯಕ್ಕೆ ಎಷ್ಟೋ ಕಡೆ ಅಂಗಳದ ಬೇರೆ ಮೂಲೆಯಲ್ಲಿ ಕಟ್ಟುತ್ತಿದ್ದರು. ಮನೆಯೊಳಗೊಂದು ಪ್ರಾರ್ಥನಾಮಂದಿರ ಬೇಕೆಂದರೆ ಬಿಷಪ್‌ನ ಒಪ್ಪಿಗೆ ಬೇಕಿತ್ತು. ಕಂದಕದಾಚೆಯ ಹೊರ ಅಂಗಳದಲ್ಲಿ ಕಣಜ, ಲಾಯ, ದ್ರಾಕ್ಷಿ ಹಿಂಡುವ ಗಾಣ, ಪಾರಿವಾಳದ ಗೋಪುರ.

ಅಂತಸ್ತುಗಳನ್ನು ಕೂಡಿಸುವ ಸುತ್ತುಮೆಟ್ಟಿಲ ಬಗ್ಗೆ ಪ್ರವಾಸಿಗರಿಗೆ ಹೇಳುವ ಕಥೆಯೊಂದಿದೆ: ಮೇಲಿನಿಂದ ಕಾದಾಡುವವನ ಬಲಗೈಗೆ ಕತ್ತಿ ಬೀಸಲು ಜಾಗ ಸಿಗಲೆಂದೇ ಅದು ಒಂದೇ ದಿಕ್ಕಿಗೆ ತಿರುಗುತ್ತದಂತೆ. ಇದನ್ನು ನಂಬಬೇಕಾಗಿಲ್ಲ. ವಿರುದ್ಧ ದಿಕ್ಕಿಗೆ ತಿರುಗುವ ಮೆಟ್ಟಿಲುಗಳು ಬೇಕಾದಷ್ಟಿವೆ, ಮತ್ತು ಮೆಟ್ಟಿಲ ಮೇಲೆ ಕತ್ತಿಕಾಳಗ ನಡೆಯುವ ಹಂತಕ್ಕೆ ಬಂದ ಮನೆ ಆಗಲೇ ಕೈಬಿಟ್ಟುಹೋಗಿರುತ್ತದೆ. ಬರಿಗಲ್ಲಿನ ಗೋಡೆಯ ಗಾಂಭೀರ್ಯವೂ ಇಂಥದ್ದೇ ತಪ್ಪು ಕಲ್ಪನೆ. ಆ ಕಾಲದವರು ಒಳಗೋಡೆಗೆ ಸುಣ್ಣದ ಗಾರೆ ಬಳಿದು, ಅದರ ಮೇಲೆ ಕೆಂಪು ಗೆರೆಗಳಿಂದ ಅಚ್ಚುಕಟ್ಟಾದ ಕಲ್ಲಿನ ಸಾಲುಗಳನ್ನು ಬರೆಯುತ್ತಿದ್ದರು, ನಡುನಡುವೆ ಹೂಗಳನ್ನೂ ಬಿಡಿಸುತ್ತಿದ್ದರು. ಗಾರೆ ಕೆತ್ತಿ ಕಲ್ಲು ತೋರಿಸುವುದು ಈಚಿನ ಕಾಲದ ರುಚಿ. ಹಾಗೆ ಕೆತ್ತಿದಲ್ಲೆಲ್ಲ ಮಧ್ಯಯುಗದ ಬಣ್ಣಗಳು ತಿಪ್ಪೆ ಸೇರಿದವು.

ಗ್ಯಾಸ್ಕನಿಯ ಗಡಿಸೀಮೆ

ನೈರುತ್ಯ ಫ್ರಾನ್ಸಿನ ಗ್ಯಾಸ್ಕನಿ ಮತ್ತು ಬೋರ್ದೋ ಸೀಮೆಗೆ ಈ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. 1259ರ ಪ್ಯಾರಿಸ್ ಒಪ್ಪಂದದಂತೆ ಇಂಗ್ಲೆಂಡಿನ ರಾಜ ಇಲ್ಲಿ ಫ್ರಾನ್ಸ್ ರಾಜನ ಸಾಮಂತನಾಗಿ, ಡ್ಯೂಕನಾಗಿ ಆಳುತ್ತಿದ್ದ. ಇಬ್ಬರು ರಾಜರ ನಡುವಿನ ಈ ಸೀಮೆಯಲ್ಲಿ ಸಣ್ಣ ಕುಲೀನರ ನಿಷ್ಠೆಗೆ ಬೆಲೆಯಿತ್ತು, ಆದ್ದರಿಂದ ಕೋಟೆಮನೆಯ ಅನುಮತಿಯೂ ಸುಲಭವಾಗಿ ದೊರೆಯಿತು. ಇಂದಿನ ಜೆರ್ಸ್ ಜಿಲ್ಲೆಯ ತೊಜಿಯಾ, ಸೇಂತ್-ಮೇರ್, ಲಗಾರ್ದೇರ್ ಮುಂತಾದ ಕಡೆ 13ನೇ ಶತಮಾನದ ಕೊನೆಯ ಭಾಗದಲ್ಲಿ ಎದ್ದ ಕಟ್ಟಡಗಳು ಒಂದೇ ಮಾದರಿಯವು. ಉದ್ದನೆಯ ಚೌಕದ ಎತ್ತರದ ಮನೆ, ಮೂಲೆಗೆ ಒಂದೋ ಎರಡೋ ಸಪೂರ ಗೋಪುರ, ಕೆಳಗಡೆ ಬರೀ ಸೀಳುಗಿಂಡಿ, ಮೇಲೆ ಹೋದಂತೆ ಅಗಲವಾದ ಕಿಟಕಿ. ಬಾಗಿಲು ಮೇಲಿನ ಅಂತಸ್ತಿಗಿದ್ದು, ತೆಗೆದಿಡಬಹುದಾದ ಏಣಿಯಿಂದ ಹತ್ತಬೇಕಾಗಿದ್ದ ಮನೆಗಳೂ ಇದ್ದವು. 1306ರಲ್ಲಿ ಪೋಪ್ ಐದನೆಯ ಕ್ಲೆಮೆಂಟನ ಸಂಬಂಧಿ ಕಾರ್ಡಿನಲ್ ಗಯಾರ್ ದ ಲಾ ಮೋತ್, ಇಂಗ್ಲೆಂಡಿನ ರಾಜ ಒಂದನೆಯ ಎಡ್ವರ್ಡನ ಅನುಮತಿ ಪಡೆದು ರೋಕ್‌ತಯಾದ್‌ನಲ್ಲಿ ಹೊಸ ಕೋಟೆ ಕಟ್ಟಿಸಿದ. ಅದು ಕೋಟೆಮನೆಯ ಮಟ್ಟವನ್ನು ಮೀರಿದ ಕಟ್ಟಡ. 19ನೇ ಶತಮಾನದಲ್ಲಿ ವಾಸ್ತುಶಿಲ್ಪಿ ವಿಯೊಲೆ-ಲ-ದ್ಯುಕ್ ಅದರ ಒಳಾಂಗಣವನ್ನು ತನ್ನ ಕಲ್ಪನೆಯ ಮಧ್ಯಯುಗದ ಬಣ್ಣಗಳಿಂದ ತುಂಬಿದ.

ನೂರು ವರ್ಷಗಳ ಯುದ್ಧ (1337–1453) ಕೋಟೆಮನೆಗಳನ್ನು ಪರೀಕ್ಷೆಗೆ ಒಡ್ಡಿತು. 1358ರಲ್ಲಿ ಪ್ಯಾರಿಸಿನ ಉತ್ತರದ ಬೋವೇ ಸೀಮೆಯಲ್ಲಿ ರೈತರು ದಂಗೆಯೆದ್ದು ಕುಲೀನರ ಮನೆಗಳಿಗೆ ಬೆಂಕಿ ಇಟ್ಟರು. 1360ರ ಬ್ರೆತಿನ್ಯಿ ಒಪ್ಪಂದದ ನಂತರ ಕೆಲಸವಿಲ್ಲದ ಸೈನಿಕರ ತಂಡಗಳು ಇಂಥ ಮನೆಗಳನ್ನು ಹಿಡಿದು ಸುಲಿಗೆಯ ಠಾಣೆ ಮಾಡಿಕೊಂಡವು. ಒಡೆಯನಿಗೆ ಆಸರೆಯಾಗಿದ್ದ ಗೋಡೆ ಊರಿಗೇ ಮಾರಿಯಾಯಿತು. 1367ರಲ್ಲಿ ಫ್ರಾನ್ಸ್ ರಾಜ ಐದನೆಯ ಚಾರ್ಲ್ಸ್ ಎಲ್ಲ ಕೋಟೆಗಳನ್ನು ಪರಿಶೀಲಿಸಿ, ಕಾಯಲಾಗದವನ್ನು ಕೆಡವಬೇಕೆಂದು ಆಜ್ಞೆ ಹೊರಡಿಸಿದ್ದು ಈ ಕಾರಣಕ್ಕೆ. 1453ರ ಜುಲೈ 17ರಂದು ಕಸ್ತಿಯೋಂ ಕದನದಲ್ಲಿ ಇಂಗ್ಲಿಷರು ಸೋತರು. ಅಕ್ಟೋಬರಿನಲ್ಲಿ ಬೋರ್ದೋ ಫ್ರಾನ್ಸ್ ರಾಜನ ಕೈಗೆ ಬಂತು.

ಲಾ ಬ್ರೆದ್

ಇಡೀ ವರ್ಗವನ್ನು ಒಂದೇ ಕಟ್ಟಡದಲ್ಲಿ ನೋಡಬೇಕೆಂದರೆ ಬೋರ್ದೋದ ದಕ್ಷಿಣಕ್ಕಿರುವ ಲಾ ಬ್ರೆದ್‌ಗೆ ಹೋಗಬೇಕು. ಇಲ್ಲಿದ್ದ ಹಳೆಯ ಕೋಟೆ ಅಳಿದ ಮೇಲೆ ಲಾಲಾಂದ್ ಮನೆತನ 1306ರಲ್ಲಿ ಒಂದನೆಯ ಎಡ್ವರ್ಡನಿಂದ ಮತ್ತೆ ಕಟ್ಟುವ ಅನುಮತಿ ಪಡೆಯಿತು. 1419ರಲ್ಲಿ ಐದನೆಯ ಹೆನ್ರಿಯ ಕಾಲದಲ್ಲಿ ಕೋಟೆಯ ಕೆಲಸಕ್ಕೆ ಇನ್ನೊಂದು ಅನುಮತಿ ದೊರೆಯಿತು. ಹೀಗೆ ಫ್ರಾನ್ಸಿನ ಮಣ್ಣಿನ ಮೇಲಿನ ಮನೆಗೆ ಎರಡು ಸಲವೂ ಇಂಗ್ಲೆಂಡಿನ ರಾಜನ ಮುದ್ರೆ ಬಿತ್ತು. ಕಟ್ಟಡ ಹಲವು ಮುಖಗಳ ಅಂಕುಡೊಂಕು ಆಕಾರದ್ದು, ಸುತ್ತ ಕಂದಕ ಎನ್ನುವುದಕ್ಕಿಂತ ಕೆರೆಯೆಂದೇ ಹೇಳಬಹುದಾದಷ್ಟು ಅಗಲದ ನೀರು. ದಡದಿಂದ ಮನೆಗೆ ನೇರ ದಾರಿಯಿಲ್ಲ; ನೀರಿನ ನಡುವಿನ ಸಣ್ಣ ರಕ್ಷಣಾ ಕಟ್ಟೆಗಳನ್ನು ಒಂದೊಂದಾಗಿ ದಾಟಬೇಕು. ಹಿಂದೆ ಅವುಗಳ ನಡುವೆ ಎತ್ತುಸೇತುವೆಗಳಿದ್ದವು, ಈಗ ಸ್ಥಿರವಾದ ಸೇತುವೆಗಳಿವೆ. ಒಳಗೆ ದುಂಡನೆಯ ಗೋಪುರ, ಪ್ರಾರ್ಥನಾಮಂದಿರ, ಚೂಪು ಸೂರುಗಳು, ಬೇರೆ ಬೇರೆ ಶತಮಾನಗಳಲ್ಲಿ ತೆರೆದ ಕಿಟಕಿಗಳು.

ಈ ಮನೆಯಲ್ಲಿ 1689ರ ಜನವರಿ 18ರಂದು ಷಾರ್ಲ್-ಲೂಯಿ ದ ಸೆಕೊಂದಾ ಹುಟ್ಟಿದ. ಈ ರಾಜಕೀಯ ಚಿಂತಕನನ್ನು ಲೋಕ ಮಾಂಟೆಸ್ಕ್ಯೂ ಎಂದು ಕರೆಯುತ್ತದೆ. ಆಸ್ತಿ ಬಂದದ್ದು ತಾಯಿಯ ಕಡೆಯಿಂದ. ಬಡವರೂ ತನ್ನ ಒಡಹುಟ್ಟಿದವರೆಂಬುದು ಮಗುವಿಗೆ ನೆನಪಿರಲೆಂದು ಊರಿನ ಭಿಕ್ಷುಕನೊಬ್ಬನನ್ನು ಜ್ಞಾನಸ್ನಾನದಲ್ಲಿ ಧರ್ಮಪಿತನಾಗಿ ನಿಲ್ಲಿಸಿದರು. ಇಂಗ್ಲೆಂಡೂ ಸೇರಿ ಯುರೋಪಿನ ಪ್ರವಾಸ ಮುಗಿಸಿ 1731ರಲ್ಲಿ ಹಿಂತಿರುಗಿದ ಮಾಂಟೆಸ್ಕ್ಯೂ, ಕೋಟೆಯ ಸುತ್ತಲಿನ ಉದ್ಯಾನವನ್ನು ಇಂಗ್ಲಿಷ್ ಮಾದರಿಯಲ್ಲಿ ಹುಲ್ಲುಗಾವಲಾಗಿ ತೆರೆದಿಟ್ಟ. ಮೇಲಂತಸ್ತಿನ ಕಮಾನು ಚಾವಣಿಯ ದೊಡ್ಡ ಪಡಸಾಲೆಯನ್ನು ಗ್ರಂಥಾಲಯ ಮಾಡಿದ. ತನ್ನ ದ್ರಾಕ್ಷಿ ತೋಟದ ಮದ್ಯವನ್ನು ಇಂಗ್ಲೆಂಡಿಗೆ ಮಾರುತ್ತ, ಗೇಣಿಯ ಲೆಕ್ಕ ನೋಡುತ್ತ, ಕಣ್ಣು ಮಂಜಾದಾಗ ಬರೆಯಲು ಸಹಾಯಕರನ್ನಿಟ್ಟುಕೊಂಡು ಸಿದ್ಧಪಡಿಸಿದ ಗ್ರಂಥ 'ಕಾನೂನುಗಳ ಅಂತಃಸತ್ವ'. 1748ರಲ್ಲಿ ಜಿನೀವಾದಲ್ಲಿ ಅಚ್ಚಾಯಿತು. ಅವನ ಕೋಣೆಯ ಅಗ್ಗಿಷ್ಟಿಕೆಯ ಕಲ್ಲಿನಲ್ಲಿ ಒಂದು ಕಡೆ ಸವೆದಿದೆ. ಬೆಂಕಿಯ ಮುಂದೆ ಕುಳಿತು ಮೊಣಕಾಲ ಮೇಲೆ ಕಾಗದವಿಟ್ಟು ಬರೆಯುವಾಗ ಕಾಲು ಊರಿದ ಜಾಗ ಅದೆಂದು ತೋರಿಸುತ್ತಾರೆ.

ಆ ಗ್ರಂಥದ ಕೊನೆಯ ಎರಡು ಭಾಗಗಳು, ಮೂವತ್ತು ಮತ್ತು ಮೂವತ್ತೊಂದನೆಯವು, ಊಳಿಗಮಾನ್ಯ ಕಾನೂನಿನ ಹುಟ್ಟನ್ನು ಕುರಿತವು. ಒಡೆಯ ಮತ್ತು ಆಶ್ರಿತನ ಕರಾರಿನಿಂದಲೇ ಹುಟ್ಟಿದ ಮನೆಯಲ್ಲಿ ಕುಳಿತು ಆ ಕರಾರಿನ ಮೂಲ ಹುಡುಕಿದ್ದು ಇಡೀ ಕೋಟೆಮನೆಯ ಚರಿತ್ರೆಯಲ್ಲಿ ನನಗೆ ಅತ್ಯಂತ ಹಿಡಿಸುವ ಸಂಗತಿ. ಹನ್ನೊಂದನೆಯ ಭಾಗದಲ್ಲಿ ಅವನು ಮಂಡಿಸಿದ ಅಧಿಕಾರ ವಿಭಜನೆಯ ತತ್ವ ನಮ್ಮ ಸಂವಿಧಾನಕ್ಕೂ ತಲುಪಿತು. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳ ಹೆಸರಿನ ಕೇಶವಾನಂದ ಭಾರತಿ ಮೊಕದ್ದಮೆಯಲ್ಲಿ, 1973ರಲ್ಲಿ, ಮುಖ್ಯ ನ್ಯಾಯಮೂರ್ತಿ ಸಿಕ್ರಿ ಸಂವಿಧಾನದ ಮೂಲಲಕ್ಷಣಗಳಲ್ಲಿ ಅದನ್ನೂ ಎಣಿಸಿದರು.

ಮಾಂಟೆಸ್ಕ್ಯೂವಿನ ವಂಶದವರು 21ನೇ ಶತಮಾನದ ಆರಂಭದವರೆಗೂ ಲಾ ಬ್ರೆದ್‌ನಲ್ಲೇ ಇದ್ದರು. ಅಲ್ಲಿ ಉಳಿದಿದ್ದ ಪುಸ್ತಕಗಳು 1994ರಲ್ಲಿ ದಾನವಾಗಿ ಬೋರ್ದೋ ನಗರ ಗ್ರಂಥಾಲಯಕ್ಕೆ ಹೋದವು. ಕಟ್ಟಡವನ್ನು ಈಗ ಒಂದು ಪ್ರತಿಷ್ಠಾನ ನೋಡಿಕೊಳ್ಳುತ್ತಿದೆ.

ಅರಮನೆಯ ಕಡೆಗೆ

15ನೇ ಶತಮಾನದ ಉತ್ತರಾರ್ಧದಲ್ಲಿ ಫಿರಂಗಿ ಬಲಗೊಂಡಿತು, ದೇಶ ಶಾಂತವಾಯಿತು. ಆದರೂ ಯಾರೂ ಬುರುಜನ್ನು ಬಿಡಲಿಲ್ಲ, ಕಿಟಕಿಗಳನ್ನು ಮಾತ್ರ ದೊಡ್ಡದು ಮಾಡಿದರು. ಆಂಜೆ ನಗರದ ಉತ್ತರಕ್ಕೆ ಹನ್ನೊಂದನೆಯ ಲೂಯಿಯ ಹಣಕಾಸು ಅಧಿಕಾರಿ ಜಾಂ ಬೂರೆ 1468–72ರ ನಡುವೆ ಕಟ್ಟಿಸಿದ ಪ್ಲೆಸಿ-ಬೂರೆ ಇದಕ್ಕೆ ಒಳ್ಳೆಯ ಸಾಕ್ಷಿ. ಅಗಲವಾದ ನೀರಿನ ಮೇಲೆ ಕಲ್ಲಿನ ಕಮಾನುಗಳ ಉದ್ದನೆಯ ಸೇತುವೆ, ಅದರ ಕೊನೆಯಲ್ಲಿ ಇಂದಿಗೂ ಕೆಲಸ ಮಾಡುವ ಜೋಡಿ ಎತ್ತುಸೇತುವೆ. ಇಷ್ಟು ಬಿಗಿಯಾದ ಹೊರಮೈ ದಾಟಿ ಒಳಗೆ ಹೋದರೆ ತೆರೆದ ಅಂಗಳ, ಬೆಳಕು ತುಂಬಿದ ಕೋಣೆಗಳು, ನೀತಿಕಥೆ ಮತ್ತು ಗಾದೆಗಳ ಚಿತ್ರಗಳಿಂದ ತುಂಬಿದ ಮರದ ಚಾವಣಿ.

ವರ್ತಕರಿಗೂ ಈ ಮನೆಗಳ ಮೇಲೆ ಕಣ್ಣಿತ್ತು. ಬೋರ್ದೋದ ವ್ಯಾಪಾರಿ ರಾಮೋಂ ಐಕೆಮ್ 1477ರಲ್ಲಿ ಮಾಂಟೇನ್ ಎಂಬ ಕೋಟೆಮನೆ ಕೊಂಡ. ಅವನ ಮರಿಮಗನೇ ಪ್ರಬಂಧಕಾರ ಮಿಷೆಲ್ ದ ಮಾಂಟೇನ್. ಕ್ಯಾಥೊಲಿಕ್ ಮತ್ತು ಪ್ರೊಟೆಸ್ಟಂಟರ ಅಂತರ್ಯುದ್ಧದ ನಡುವೆಯೂ ಮಾಂಟೇನ್ ತನ್ನ ಮನೆಗೆ ಹಳೆಯ ಪದ್ಧತಿಯ ಒಬ್ಬ ದ್ವಾರಪಾಲಕನನ್ನು ಬಿಟ್ಟು ಬೇರೆ ಕಾವಲು ಇಡಲಿಲ್ಲ. ಕಾವಲು ಹೆಚ್ಚಿದಷ್ಟೂ ದಾಳಿಗೆ ಆಸೆ ಹುಟ್ಟುತ್ತದೆಂಬುದು ಅವನ ವಾದ. ನೆರೆಹೊರೆಯ ಕಾವಲುಳ್ಳ ಮನೆಗಳು ಹಾಳಾದವು, ಅವನದು ಉಳಿಯಿತು. ಮುಂದೆ 1885ರ ಬೆಂಕಿಯಲ್ಲಿ ಮುಖ್ಯ ಮನೆ ಸುಟ್ಟುಹೋಗಿ, ಅವನು ಓದಿ ಬರೆದ ದುಂಡನೆಯ ಗೋಪುರ ಪಾರಾಯಿತು. ಅದರ ತೊಲೆಗಳ ಮೇಲೆ ಬರೆಸಿದ ಗ್ರೀಕ್, ಲ್ಯಾಟಿನ್ ಸೂಕ್ತಿಗಳು ಇಂದಿಗೂ ಓದಲು ಸಿಗುತ್ತವೆ.

ಅಳಿವು ಮತ್ತು ಅಧ್ಯಯನ

1626ರಲ್ಲಿ ರಿಶಲ್ಯೂ ಮಂತ್ರಿಯಾಗಿದ್ದಾಗ ಗಡಿಯಲ್ಲಿಲ್ಲದ ಕೋಟೆಗಳ ರಕ್ಷಣಾ ಭಾಗಗಳನ್ನು ಕೆಡವಲು ರಾಜಾಜ್ಞೆಯಾಯಿತು. ಸಣ್ಣ ಮನೆಗಳ ನೀರು, ಗೋಪುರಗಳು ಬಹಳ ಕಡೆ ಉಳಿದುಕೊಂಡವು. ಹೆಚ್ಚು ನಷ್ಟವಾದದ್ದು ಫ್ರೆಂಚ್ ಕ್ರಾಂತಿಯ ಕಾಲದಲ್ಲಿ. 1789ರ ಆಗಸ್ಟಿನಲ್ಲಿ ಊಳಿಗಮಾನ್ಯ ಹಕ್ಕುಗಳು ರದ್ದಾದಾಗ ಪಾರಿವಾಳ ಸಾಕುವ ವಿಶೇಷ ಹಕ್ಕೂ ಹೋಯಿತು. ರೈತನ ಕಾಳು ತಿಂದು ಒಡೆಯನ ಊಟಕ್ಕೆ ಬರುತ್ತಿದ್ದ ಆ ಹಕ್ಕಿಗಳ ಮೇಲಿನ ಸಿಟ್ಟು ಹಳೆಯದು. ಬುರುಜುಗಳನ್ನು ಸೂರಿನ ಮಟ್ಟಕ್ಕೆ ಮೊಟಕುಮಾಡಿದರು, ಬಾಗಿಲ ಮೇಲಿನ ಕುಲಲಾಂಛನಗಳನ್ನು ಉಳಿಯಿಂದ ಕೆತ್ತಿಹಾಕಿದರು. ಮಾರಾಟವಾದ ಮನೆಗಳನ್ನು ಕೊಂಡವರು ಬೇಸಾಯಗಾರರಾದ್ದರಿಂದ ಪಡಸಾಲೆ ಹುಲ್ಲಿನ ಕೊಟ್ಟಿಗೆಯಾಯಿತು, ಕಂದಕ ಮುಚ್ಚಿತು.

ಇವುಗಳನ್ನು ಮೊದಲು ಅಕ್ಕರೆಯಿಂದ ಗಮನಿಸಿದವರಲ್ಲಿ ಚಿತ್ರಕಾರ ಲೆಯೋ ದ್ರೂಯೆನ್ (1816–1896) ಮುಖ್ಯ. ಬೋರ್ದೋ ಸೀಮೆಯ ಕೋಟೆಗಳನ್ನು ಅಲೆದು ನೋಡಿ ಬಿಡಿಸಿದ ಅವನ 'ಸೈನಿಕ ಗ್ವಿಯೆನ್' ಎಂಬ ಗ್ರಂಥ 1865ರಲ್ಲಿ ಹೊರಬಂತು. ಆಮೇಲೆ ಅಳಿದ ಎಷ್ಟೋ ಮನೆಗಳಿಗೆ ಅವನ ರೇಖೆಗಳೇ ಸಾಕ್ಷಿ. ಕೋಟೆಮನೆಯನ್ನು ಪ್ರತ್ಯೇಕ ವಿಷಯವಾಗಿ ಎತ್ತಿಕೊಂಡದ್ದು 1984ರಲ್ಲಿ ಮಿಷೆಲ್ ಬ್ಯೂರ್ ನೇತೃತ್ವದಲ್ಲಿ ಲೊರೇನಿನಲ್ಲಿ ನಡೆದ ವಿದ್ವಾಂಸರ ಗೋಷ್ಠಿ. ಅಲ್ಲಿಂದಾಚೆಗೆ ಉತ್ಖನನಗಳು ಹೆಚ್ಚಿದವು. ಕಲ್ಲಿನ ಮನೆಯಷ್ಟೇ ಮರ ಮತ್ತು ಮಣ್ಣಿನ ಮನೆಗೂ ಗಮನ ಸಿಕ್ಕಿತು.

ಐತಿಹಾಸಿಕ ಕಟ್ಟಡಗಳ ರಕ್ಷಣೆಗೆ ಫ್ರಾನ್ಸಿನಲ್ಲಿ 1913ರ ಡಿಸೆಂಬರ್ 31ರಂದು ಕಾನೂನು ಬಂತು. ಆದರೆ ಎಷ್ಟೋ ಕೋಟೆಮನೆಗಳು ಖಾಸಗಿ ಒಡೆತನದ ಬೇಸಾಯದ ಮನೆಗಳಾಗಿರುವುದರಿಂದ ಸೂರಿನ ದುರಸ್ತಿಯ ಖರ್ಚು ಮನೆಯವರ ತಲೆಯ ಮೇಲೆಯೇ ಬೀಳುತ್ತದೆ. 1966ರಲ್ಲಿ ಸ್ಥಾಪನೆಯಾದ ರಾಂಪಾರ್ ಎಂಬ ಸಂಘಗಳ ಒಕ್ಕೂಟ ಬೇಸಿಗೆಯಲ್ಲಿ ಸ್ವಯಂಸೇವಕರ ಶಿಬಿರಗಳನ್ನು ನಡೆಸುತ್ತದೆ. ಸುಣ್ಣದ ಗಾರೆ ಕಲಸುವುದು, ಕಲ್ಲು ಕೆತ್ತುವುದು, ಗೋಡೆ ಕೂಡಿಸುವುದನ್ನು ಅಲ್ಲಿ ಕೈಯಾರೆ ಕಲಿಯಬಹುದು. ವಿದೇಶಿಯರಿಗೂ ಪ್ರವೇಶವಿದೆ. ಲಾ ಬ್ರೆದ್ ಬೋರ್ದೋ ನಗರದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿದೆ. ಹೋಗುವವರು ಅದು ಯಾವ ತಿಂಗಳುಗಳಲ್ಲಿ ತೆರೆದಿರುತ್ತದೆಂದು ಮೊದಲೇ ವಿಚಾರಿಸಿಕೊಳ್ಳಬೇಕು.